ಸೋರುವುದೋ, ಒಸರುವುದೋ? ಹಳೆ ಅಕ್ವೇರಿಯಂ ನೋಡುವಾಗ ಬೇಕಾಗುವ ಪದಗಳು

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಅಕ್ವೇರಿಯಂ ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು 'ಲೀಕ್'. ಮಾರುವವರು, ಕೊಳ್ಳುವವರು ಎಲ್ಲರೂ ಇದೊಂದೇ ಮಾತು ಬಳಸುತ್ತಾರೆ. ಆದರೆ ನೀರು ಹೇಗೆ ಹೊರಗೆ ಬರುತ್ತಿದೆ ಅನ್ನುವುದರ ಮೇಲೆಯೇ ಟ್ಯಾಂಕ್ ಉಳಿಯುತ್ತದೋ ಇಲ್ಲವೋ ಗೊತ್ತಾಗುವುದು. ಹಂಚಿನ ಮನೆ ಸೋರುತ್ತದೆ. ನಲ್ಲಿ ತೊಟ್ಟಿಕ್ಕುತ್ತದೆ. ಹಳೆ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಆಗುವುದು ಇವೆರಡೂ ಅಲ್ಲ. ಎರಡು ಗಾಜು ಕೂಡುವ ಕಡೆ ಸಿಲಿಕೋನ್ (ಗಾಜುಗಳನ್ನು ಅಂಟಿಸುವ, ರಬ್ಬರಿನಂಥ ಅಂಟು) ಹಿಡಿತ ಬಿಟ್ಟಿರುತ್ತದೆ. ಹೊರಗಿನಿಂದ ಬೆರಳಾಡಿಸಿದರೆ ಬರೀ ತೇವ, ಹನಿ ಕಾಣುವುದಿಲ್ಲ. ರಾತ್ರಿ ನೀರು ತುಂಬಿ ಕೆಳಗೆ ನ್ಯೂಸ್‌ಪೇಪರ್ ಹಾಸಿಟ್ಟರೆ, ಬೆಳಿಗ್ಗೆ ಅಂಚಿನುದ್ದಕ್ಕೂ ಪೇಪರ್ ಒದ್ದೆಯಾಗಿರುತ್ತದೆ. ಇದಕ್ಕೆ 'ಒಸರು' ಸರಿಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. 'ಜಿನುಗು' ಕೂಡ ಹತ್ತಿರದ್ದೇ. ಆದರೆ ಅದರಲ್ಲಿ ಸಣ್ಣ ಹನಿಗಳು ಕಣ್ಣಿಗೆ ಬೀಳುತ್ತವೆ, ಅಲ್ವಾ?

ಒಸರುವ ಟ್ಯಾಂಕನ್ನು ಉಳಿಸಿಕೊಳ್ಳಬಹುದು. ಒಳಗಿನ ಹಳೆ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು ಹೊಸದು ಹಾಕಬೇಕು. ಹಳೆಯದರ ಮೇಲೆ ಹೊಸದು ಕಚ್ಚಿಕೊಳ್ಳುವುದಿಲ್ಲ, ಸುಮ್ನೆ ತೇಪೆ ಹಾಕಿದರೆ ಮತ್ತೆ ಒಸರುತ್ತದೆ. ಬೂಷ್ಟು ಹಿಡಿಯದಂತೆ ಔಷಧ ಸೇರಿಸಿದ ಬಾತ್‌ರೂಮ್ ಸಿಲಿಕೋನ್ ಅಂತೂ ಬೇಡವೇ ಬೇಡ. ಆ ಔಷಧ ಮೀನಿಗೆ ವಿಷವಾಗಬಹುದು.

ಎರಡನೆಯದು 'ಗೀರು' ಮತ್ತು 'ಬಿರುಕು'. ಮಾರುವವರು ಎರಡನ್ನೂ "ಸಣ್ಣ ಗೀಟು ಅಷ್ಟೇ" ಅಂದುಬಿಡುತ್ತಾರೆ. ನನ್ನ ಪುಟದಲ್ಲಿ ಇವೆರಡು ಬೆರೆಯಲೇಬಾರದು. ಗೀರು ಗಾಜಿನ ಮೈಮೇಲಿನದು, ತೆಳುವಾಗಿದ್ದರೆ ಅಂದ ಕೆಡುತ್ತದೆ, ಅಷ್ಟೇ. ಬಿರುಕು ಗಾಜಿನೊಳಕ್ಕೆ ಇಳಿದದ್ದು. ಅದು ಕೂದಲೆಳೆಯಷ್ಟಿದ್ದರೂ ಆ ಟ್ಯಾಂಕ್ ಬೇಡ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿನಲ್ಲೇ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ, ಅಂದರೆ 56 ಕೆಜಿ ಭಾರ. ಗಾಜಿನ ಮೇಲಿನ ಒತ್ತಡ ನೀರಿನ ಎತ್ತರಕ್ಕೆ ತಕ್ಕಂತೆ ಏರುವುದರಿಂದ ಎತ್ತರದ ಟ್ಯಾಂಕಿನಲ್ಲಿ ಅಪಾಯ ಇನ್ನೂ ಜಾಸ್ತಿ.

ಗಾಜಿನ ಅಂಚು ಒಂದಿಷ್ಟು ಒಡೆದು ಹೋಗಿದ್ದರೆ 'ಚಕ್ಕೆ ಎದ್ದಿದೆ' ಅನ್ನೋಣವೇ, 'ಮುಕ್ಕಾಗಿದೆ' ಅನ್ನೋಣವೇ? ಪಿಂಗಾಣಿ ಬಟ್ಟಲಿಗೆ ನಮ್ಮ ಮನೆಯಲ್ಲಿ 'ಮುಕ್ಕು' ಅಂತಲೇ ಹೇಳುವುದು. ನನ್ನ ಒಲವು ಅದರ ಕಡೆಗೇ.

ಉತ್ತರ ಸಿಗದೆ ಉಳಿದಿರುವುದು ಒಂದು. ಸಿಲಿಕೋನ್ ಇನ್ನೂ ಬಿಟ್ಟಿಲ್ಲ, ನೀರೂ ಒಸರುತ್ತಿಲ್ಲ. ಆದರೆ ಉಗುರಿನಿಂದ ಒತ್ತಿದರೆ ರಬ್ಬರಿನ ಮೆದುತನ ಇಲ್ಲ, ಅಂಚು ಸಿಪ್ಪೆಯ ಹಾಗೆ ಏಳುತ್ತದೆ. ಟ್ಯಾಂಕ್ ವರ್ಷಗಟ್ಟಲೆ ಬಿಸಿಲಲ್ಲಿ ಖಾಲಿ ಬಿದ್ದಿದ್ದರೆ ಹೀಗಾಗುವುದುಂಟು. 'ಅಂಟು ಬಿಟ್ಟಿದೆ' ಅಂದರೆ ಕೆಲಸ ಆಗಲೇ ಕೆಟ್ಟಿದೆ ಅಂತ ಅರ್ಥ ಬರುತ್ತದೆ. 'ಗಟ್ಟಿಯಾಗಿದೆ' ಅಂದರೆ ಒಳ್ಳೆಯದೇ ಅಂದುಕೊಳ್ಳುತ್ತಾರೆ. 'ಕಸುವು ಹೋಗಿದೆ', 'ಪಸೆ ಆರಿದೆ' ಇವುಗಳಲ್ಲಿ ಯಾವುದಾದರೂ ನಡೆಯುತ್ತದೆಯೇ? ಕಿಟಕಿ ಗಾಜಿನ ಕೆಲಸ, ಪ್ಲಂಬಿಂಗ್, ದೋಣಿ ರಿಪೇರಿ ಮಾಡುವವರ ಬಾಯಲ್ಲಿ ಇದಕ್ಕೊಂದು ಮಾತು ಕೇಳಿದ್ದರೆ, ಯಾವ ಊರಿನ ಕಡೆಯದು ಅನ್ನುವುದನ್ನೂ ಸೇರಿಸಿ ತಿಳಿಸಿ.