ಸೆಮ್ಯಾಂಟಿಕ್ ವೆಬ್ ನಮ್ ಕಡೆ ಉದಾಹರಣೆ ಕೊಟ್ಟು ಹೇಳ್ತೀರಾ ಯಾರಾದ್ರೂ?

ಚಿಂತಾಮಣಿ ಹುಡುಗ:
ಎಲ್ರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಎಂಸಿಎ ಓದ್ತಿದೀನಿ, ನಮ್ ಜಿಲ್ಲೆ ಊರುಗಳು, ಹಳೇ ದೇವಸ್ಥಾನ, ಇಲ್ಲಿ ಹುಟ್ಟಿದ ದೊಡ್ಡೋರು ಎಲ್ಲ ಒಂದ್ಕಡೆ ಸೇರಿಸೋ ಪ್ರಾಜೆಕ್ಟ್. ಎಕ್ಸೆಲ್ ಶೀಟಲ್ಲಿ ಆಗಲೇ ಹಾಕಿಟ್ಟಿದೀನಿ, ಗೈಡ್ ನೋಡಿ ಸೆಮ್ಯಾಂಟಿಕ್ ವೆಬ್ಬಲ್ಲಿ, ಅಂದ್ರೆ ಮಾಹಿತಿಯ ಅರ್ಥ ಕಂಪ್ಯೂಟರಿಗೂ ತಿಳಿಯೋ ಹಂಗೆ, ಮಾಡು ಅಂದ್ರು. ಆರ್‌ಡಿಎಫ್, ಔಲ್, ಸ್ಪಾರ್ಕಲ್ ಅಂತ ಅದಕ್ಕೆ ಬೇಕಾದವುಗಳ ಡೆಫಿನಿಷನ್ ಬಾಯಿಪಾಠ ಆಗಿದೆ, ಆದ್ರೆ ಶೀಟಲ್ಲಿ ಇಲ್ಲದ್ದು ಇದ್ರಲ್ಲಿ ಏನಿದೆ ಅನ್ನೋದೇ ಹೊಳೀತಿಲ್ಲ.

ಕ್ಯಾತ್ಸಂದ್ರ ಅಣ್ಣ:
ನಿನ್ ಶೀಟಲ್ಲಿ "ಕೋಲಾರ" ಅಂತ ಇದ್ರೆ ಅದು ಊರಾ, ತಾಲ್ಲೂಕಾ, ಜಿಲ್ಲೆನಾ? ನಮಗೆ ಓದ್ತಾ ಗೊತ್ತಾಗುತ್ತೆ, ಕಂಪ್ಯೂಟರಿಗೆ ಅದು ಬರೀ ಮೂರಕ್ಷರ. ಅದಕ್ಕೇ ಇಲ್ಲಿ ಮೂರಕ್ಕೂ ವೆಬ್ ವಿಳಾಸದ ತರ ಇರೋ ಬೇರೆ ಬೇರೆ ಯುಆರ್‌ಐ ಕೊಡ್ತಾರೆ, ಹೆಸರು ಆಮೇಲೆ ಅಂಟಿಸೋ ಲೇಬಲ್ ಅಷ್ಟೇ. ನಮ್ಮೂರನ್ನೇ ನೋಡಪ್ಪ, 2014ರಲ್ಲಿ ಇಂಗ್ಲಿಷಿನ ಟುಮ್ಕೂರ್ ಹೋಗಿ ತುಮಕೂರು ಆಯ್ತು, ಊರು ಅದೇ ತಾನೇ, ಯುಆರ್‌ಐನೂ ಅದೇ ಇರುತ್ತೆ.

ಆ ಯುಆರ್‌ಐಗಳನ್ನ ಇಟ್ಕೊಂಡು ಮೂರು ಭಾಗದ ಚಿಕ್ಕ ವಾಕ್ಯ ಬರಿಯೋದೇ ಆರ್‌ಡಿಎಫ್: ವಿಶ್ವೇಶ್ವರಯ್ಯ – ಹುಟ್ಟಿದ ಊರು – ಮುದ್ದೇನಹಳ್ಳಿ. ಇದೇ ಟ್ರಿಪಲ್. ಇನ್ನೊಂದು: ಮುದ್ದೇನಹಳ್ಳಿ – ಇರೋದು – ಚಿಕ್ಕಬಳ್ಳಾಪುರ ತಾಲ್ಲೂಕು. ಒಂದರ ಕೊನೆ ಇನ್ನೊಂದರ ಮೊದಲು, ಹೂವು ಪೋಣಿಸಿದಂಗೆ ಹೋಗುತ್ತೆ, ಒಂದು ನಿನ್ ಫೈಲಲ್ಲಿರಲಿ ಇನ್ನೊಂದು ಯಾರದೋ ಸರ್ವರಲ್ಲಿರಲಿ, ಯುಆರ್‌ಐ ಒಂದೇ ಆದ್ರೆ ಕೂಡ್ಕೊಳುತ್ತೆ. "ಇರೋದು" ಅನ್ನೋ ಸಂಬಂಧ ಟ್ರಾನ್ಸಿಟಿವ್ ಅಂತ ಔಲಲ್ಲಿ (ಸಂಬಂಧಗಳ ನಿಯಮ ಬರಿಯೋ ಭಾಷೆ) ಒಂದ್ಸಲ ಹೇಳಿದ್ರೆ ಸಾಕು, ತಾಲ್ಲೂಕು ಜಿಲ್ಲೇಲಿದೆ, ಜಿಲ್ಲೆ ಕರ್ನಾಟಕದಲ್ಲಿದೆ ಅಂತ ಹಿಡ್ಕೊಂಡು ಮುದ್ದೇನಹಳ್ಳಿ ಕರ್ನಾಟಕದಲ್ಲಿದೆ ಅನ್ನೋದನ್ನ ನೀನು ಬರೀದೇ ಇದ್ರೂ ರೀಸನರ್ ಅನ್ನೋ ಪ್ರೋಗ್ರಾಂ ತಾನೇ ಕಂಡ್ಕೊಳುತ್ತೆ.

ಬಂಗಾರಪೇಟೆಯವಳು:
ಅಣ್ಣ ಹೇಳಿದ್ದು ಸರಿ, ಆದ್ರೆ ಜಿಲ್ಲೆ ವಿಷಯ ಹುಷಾರು. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಕೋಲಾರ ಜಿಲ್ಲೆ ಅಂತಾನೇ ನಾವು ಸ್ಕೂಲಲ್ಲಿ ಓದಿದ್ದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಹಂಗಾಗಿ ಎರಡೂ ಸುಳ್ಳಲ್ಲ. ಬರೀ ಟ್ರಿಪಲಲ್ಲಿ ವರ್ಷ ಹೇಳಕ್ಕೆ ಜಾಗ ಇಲ್ಲ, ವಿಕಿಪೀಡಿಯದೋರ ಮುಕ್ತ ಡೇಟಾ ಭಂಡಾರ ವಿಕಿಡೇಟಾದಲ್ಲಿ ಇದಕ್ಕೆ ಆ ಹೇಳಿಕೆಗೇ ಕ್ವಾಲಿಫೈಯರ್ ಸೇರಿಸ್ತಾರೆ, ಶುರು ಯಾವಾಗ, ಮುಗಿದಿದ್ದು ಯಾವಾಗ ಅಂತ. ನಾನು ಒಂದ್ಸಲ ಹಳೇ ರೆಕಾರ್ಡುಗಳಲ್ಲಿ ಕೋಲಾರ ಅಳಿಸಿ ಚಿಕ್ಕಬಳ್ಳಾಪುರ ಅಂತ ತುಂಬ್ಬಿಟ್ಟೆ, ಎರಡು ವಾರ ಕೂತು ಒಂದೊಂದೇ ವಾಪಸ್ ಸರಿ ಮಾಡ್ಬೇಕಾಯ್ತು. ದಯವಿಟ್ಟು ಅಳಿಸಬೇಡ.

ಚಿಂತಾಮಣಿ ಹುಡುಗ:
ಅಕ್ಕ, ಅಣ್ಣ, ಈಗ ಅರ್ಥ ಆಗ್ತಿದೆ! ಸ್ಪಾರ್ಕಲ್ ಹೆಂಗೆ?

ಕ್ಯಾತ್ಸಂದ್ರ ಅಣ್ಣ:
ಡೇಟಾಗೆ ಪ್ರಶ್ನೆ ಕೇಳೋ ಭಾಷೆ ಅದು, ಖಾಲಿ ಜಾಗ ಬಿಟ್ಟ ಟ್ರಿಪಲ್ ಅನ್ಕೋ. "ಯಾರು – ಹುಟ್ಟಿದ ಊರು – ಯಾವೂರು", "ಯಾವೂರು – ಇರೋದು – ಚಿಕ್ಕಬಳ್ಳಾಪುರ ಜಿಲ್ಲೆ". ಗೊತ್ತಿಲ್ಲದ್ದರ ಹೆಸರು ಶುರುವಾಗೋ ಮೊದಲೇ ಪ್ರಶ್ನೆ ಚಿಹ್ನೆ, ಎರಡೂ ಕಡೆ ಅದೇ ಹೆಸರು. ವಿಕಿಡೇಟಾ ಕ್ವೆರಿ ಪೇಜಲ್ಲೇ ಫ್ರೀಯಾಗಿ ಮಾಡಿ ನೋಡು, ಅಲ್ಲಿ ಹುಟ್ಟಿದ ಊರು ಅನ್ನೋ ಸಂಬಂಧದ ನಂಬರ್ ಪಿ19, ಆಡಳಿತವಾಗಿ ಇರೋ ಜಾಗ ಪಿ131. ಅಲ್ಲಿ ರೀಸನರ್ ಓಡಲ್ಲ, ಪಿ131 ಆದ ತಕ್ಷಣ ಒಂದು ನಕ್ಷತ್ರ (*) ಹಾಕು, ಹಳ್ಳಿಯಿಂದ ಜಿಲ್ಲೆವರೆಗೂ ಅದೇ ಹತ್ಕೊಂಡು ಹೋಗುತ್ತೆ. ಕಂಪ್ಯೂಟರಿಗೂ ಅರ್ಥ ಆಗೋ ವೆಬ್ ಬರುತ್ತೆ ಅಂತ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 2001ರಲ್ಲಿ ಹೇಳಿದಷ್ಟು ಇಡೀ ವೆಬ್ಬು ಹಂಗಾಗ್ಲಿಲ್ಲ ನಿಜ, ಆದ್ರೆ 2012ರಲ್ಲಿ ಶುರುವಾದ ಈ ವಿಕಿಡೇಟಾ ಒಂದನ್ನ ನೋಡಿದ್ರೆ ಅವರು ಹೇಳಿದ್ದು ಕಣ್ಮುಂದೆ ಕಾಣುತ್ತೆ.

ಚಿಂತಾಮಣಿ ಹುಡುಗ:
ಮುದ್ದೇನಹಳ್ಳಿದು ಮೊದ್ಲು ಬರೀತೀನಿ ಅಣ್ಣ, ರಾತ್ರಿ ಟರ್ಟಲ್ ಫೈಲ್ (ಟ್ರಿಪಲ್‌ಗಳನ್ನ ಬರಿಯೋ ಫೈಲು) ಹಾಕ್ತೀನಿ, ತಪ್ಪಿದ್ರೆ ಹೇಳಿ. ಅಕ್ಕ, ಕೋಲಾರದ್ದು ಹಂಗೇ ಇಟ್ಟು 2007 ಅಂತ ಸೇರಿಸ್ತೀನಿ.