‘ಮುನಿಸಿಪಿಯೊ’ ಎಂಬುದಕ್ಕೆ ಪುರಸಭೆ ಎನ್ನಬಹುದೇ? ಚೆರಾನ್ ಆಡಳಿತದ ಕೆಲವು ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋದ ಮಿಚೊಆಕಾನ್ ರಾಜ್ಯದಲ್ಲಿರುವ ಚೆರಾನ್ ಎಂಬ ಊರಿನ ನೆಲ, ಚರಿತ್ರೆ ಮತ್ತು ಸ್ಥಳೀಯ ಆಡಳಿತವನ್ನು ಕುರಿತು ಒಂದು ಕನ್ನಡ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಅಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಸ್ಪ್ಯಾನಿಷ್ ಪದ ‘ಮುನಿಸಿಪಿಯೊ’, ಎಂದರೆ ರಾಜ್ಯದ ಕೆಳಗಿನ ಸ್ಥಳೀಯ ಆಡಳಿತ ಘಟಕ. ಇದು ಇಂಗ್ಲಿಷಿನ ಮುನಿಸಿಪಾಲಿಟಿಯ ದಾರಿ ಹಿಡಿದು ಕನ್ನಡಕ್ಕೆ ಬರುವುದರಿಂದ ಸಾಮಾನ್ಯವಾಗಿ ‘ಪುರಸಭೆ’ ಎಂದೇ ಅನುವಾದವಾಗುತ್ತದೆ. ಆ ಪದ ಇಲ್ಲಿ ಸಲ್ಲದೆಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಮುಂದಿಟ್ಟು ತಮ್ಮ ಸಲಹೆ ಕೇಳುತ್ತಿದ್ದೇನೆ.

ಮೊದಲು ನೆಲದ ಮಾತು. ಚೆರಾನ್ ಮುನಿಸಿಪಿಯೊ ಪುರೆಪೆಚಾ ಎಂಬ ಮೂಲನಿವಾಸಿ ಜನರ ಎತ್ತರದ ಪ್ರಸ್ಥಭೂಮಿಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಮೇಲೆ, ಆರಿದ ಜ್ವಾಲಾಮುಖಿ ಗುಡ್ಡಗಳ ನಡುವೆ. 1943ರಲ್ಲಿ ಮೆಕ್ಕೆಜೋಳದ ಹೊಲವೊಂದರಲ್ಲಿ ನೆಲ ಬಿರಿದು ಹುಟ್ಟಿದ ಪರಿಕುತಿನ್ ಜ್ವಾಲಾಮುಖಿಯೂ ಇದೇ ಪ್ರದೇಶದ್ದು. ಮುನಿಸಿಪಿಯೊದ ಹರವು ಸುಮಾರು 220 ಚದರ ಕಿಲೋಮೀಟರ್, ಜನಸಂಖ್ಯೆ ಇಪ್ಪತ್ತು ಸಾವಿರದಷ್ಟು. ಹರವಿನ ಬಹುಭಾಗ ಪೈನ್ ಮತ್ತು ಓಕ್ ಕಾಡು, ಉಳಿದದ್ದು ಮೆಕ್ಕೆಜೋಳದ ಹೊಲ ಮತ್ತು ಹುಲ್ಲುಗಾವಲು. ಪಟ್ಟಣವೆನ್ನಿಸಿಕೊಳ್ಳುವ ಭಾಗ ಇದರಲ್ಲಿ ಸಣ್ಣದು. ಆ ಪಟ್ಟಣಕ್ಕೆ ‘ಕಬೆಸೆರಾ’ ಎನ್ನುತ್ತಾರೆ. ನಮ್ಮ ಕಂದಾಯ ದಾಖಲೆಗಳ ‘ಕಸಬಾ’ ಇದಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ಮಿಚೊಆಕಾನಿನಲ್ಲಿ ಮುನಿಸಿಪಿಯೊದೊಳಗಿನ ಉಪವಿಭಾಗವನ್ನು ‘ತೆನೆನ್ಸಿಯಾ’ ಎಂದು ಕರೆಯುತ್ತಾರೆ. ಚೆರಾನಿನಲ್ಲಿ ಸಾಂತಾ ಕ್ರೂಸ್ ತನಾಕೊ ಅಂಥದ್ದು. ಇದಕ್ಕೆ ‘ಹೋಬಳಿ’ ಸಾಕು. ಆದರೆ ಕಾಡು, ಹೊಲ, ಹೋಬಳಿಗಳೆಲ್ಲ ಸೇರಿದ ಈ ಒಟ್ಟು ನೆಲವನ್ನು ‘ಪುರ’ದ ಹೆಸರಿನಲ್ಲಿ ಕರೆಯುವುದು ಹೇಗೆ?

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಸ್ಪ್ಯಾನಿಷಿನಲ್ಲಿ ನೆಲಕ್ಕೂ ಅದರಲ್ಲಿ ವಾಸಿಸುವ ಸಮುದಾಯಕ್ಕೂ ಕೂಡಿ ಮುನಿಸಿಪಿಯೊ ಎಂಬ ಹೆಸರಿದ್ದರೆ, ಅದನ್ನು ಆಳುವ ಚುನಾಯಿತ ಸಭೆಗೆ ‘ಅಯುಂತಮಿಯೆಂತೊ’ ಎಂಬ ಬೇರೆಯೇ ಹೆಸರಿದೆ. ಕನ್ನಡದ ಪುರಸಭೆಯಾದರೋ ಸಭೆಯ ಹೆಸರು. ನೆಲವನ್ನು ಸೂಚಿಸಬೇಕಾದಾಗ ನಾವು ‘ಪುರಸಭಾ ವ್ಯಾಪ್ತಿ’ ಎನ್ನುತ್ತೇವೆ. ಮೆಕ್ಸಿಕೋದಲ್ಲಿ ಈ ಎರಡೂ ಬೇರೆ ಬೇರೆ ಎಂಬುದಕ್ಕೆ ಅದರ ಚರಿತ್ರೆಯೇ ಸಾಕ್ಷಿ. 1519ರಲ್ಲಿ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ತೆಸ್ ವೆರಾಕ್ರೂಸ್ ತೀರದಲ್ಲಿ ಇಳಿದು, ಪಟ್ಟಣವೆನ್ನುವಂಥದ್ದು ಇನ್ನೂ ಏಳುವ ಮೊದಲೇ ಅದರ ಸಭೆಯನ್ನು ರಚಿಸಿ, ಆ ಸಭೆಯಿಂದಲೇ ತನಗೆ ಅಧಿಕಾರ ಕೊಡಿಸಿಕೊಂಡು ಕ್ಯೂಬಾದ ಗವರ್ನರನ ಹಿಡಿತದಿಂದ ಜಾರಿಕೊಂಡ. 1917ರ ಸಂವಿಧಾನದ 115ನೇ ವಿಧಿಯು ‘ಸ್ವತಂತ್ರ ಮುನಿಸಿಪಿಯೊ’ವನ್ನು ರಾಜ್ಯಗಳ ಭೂವಿಭಾಗಕ್ಕೂ ರಾಜಕೀಯ ಹಾಗೂ ಆಡಳಿತ ವ್ಯವಸ್ಥೆಗೂ ಬುನಾದಿಯೆಂದು ಸಾರಿತು. ಕ್ರಾಂತಿಗೆ ಮುಂಚಿನ ಸರ್ವಾಧಿಕಾರಿ ಪೊರ್ಫಿರಿಯೊ ದಿಯಾಸ್ ಕಾಲದಲ್ಲಿ ಊರುಗಳ ಮೇಲೆ ಸವಾರಿ ಮಾಡುತ್ತಿದ್ದ ‘ಹೆಫೆ ಪೊಲಿತಿಕೊ’ ಎಂಬ ಮಧ್ಯದ ಅಧಿಕಾರಿಗಳ ನೆನಪು ಜನರಲ್ಲಿ ಇನ್ನೂ ಹಸಿಯಾಗಿದ್ದುದರಿಂದ, ಮುನಿಸಿಪಿಯೊಗೂ ರಾಜ್ಯ ಸರ್ಕಾರಕ್ಕೂ ನಡುವೆ ಯಾವ ಅಧಿಕಾರವೂ ಇರಕೂಡದೆಂದು ಅದೇ ವಿಧಿ ಕಟ್ಟುಮಾಡಿತು. ಎಂದರೆ ಅಲ್ಲಿ ಜಿಲ್ಲಾಧಿಕಾರಿಯೂ ಇಲ್ಲ, ತಹಶೀಲ್ದಾರರೂ ಇಲ್ಲ. ಹೀಗಾಗಿ ಕೆಲವರು ಸೂಚಿಸುವ ‘ಜಿಲ್ಲೆ’, ‘ತಾಲ್ಲೂಕು’ ಎಂಬ ಪದಗಳನ್ನು ಬಳಸಿದರೆ ಓದುಗರ ಮನಸ್ಸಿನಲ್ಲಿ ಇಲ್ಲದ ಕಚೇರಿಗಳೆಲ್ಲ ಎದ್ದು ನಿಲ್ಲುತ್ತವೆ.

ಚೆರಾನಿನ ಕಥೆಯನ್ನು ಹೇಳುವಾಗ ಈ ಭೇದ ಕೈಬಿಟ್ಟರೆ ವಾಕ್ಯವೇ ಕೆಡುತ್ತದೆ. ಶಸ್ತ್ರಸಜ್ಜಿತ ಕಳ್ಳರು ವರ್ಷಗಟ್ಟಲೆ ಕಾಡು ಕಡಿದು ಸಾಗಿಸುತ್ತಿದ್ದರೂ ಸಭೆಯಾಗಲಿ ಪೊಲೀಸರಾಗಲಿ ತಡೆಯಲಿಲ್ಲ. 2011ರ ಏಪ್ರಿಲ್ 15ರ ನಸುಕಿನಲ್ಲಿ, ಎಲ್ ಕಲ್ವಾರಿಯೊ ಎಂಬ ಗುಡಿಯ ಬಳಿ ಊರಿನ ಹೆಂಗಸರು ಮರ ತುಂಬಿದ ಲಾರಿಗಳನ್ನು ಅಡ್ಡಗಟ್ಟಿದರು. ಗಂಟೆ ಬಾರಿಸಿ ಊರನ್ನು ಎಬ್ಬಿಸಿದರು. ಮುಂದಿನ ದಿನಗಳಲ್ಲಿ ಊರಿನ ದಾರಿಗಳಿಗೆ ಅಡ್ಡಗಟ್ಟೆ ಬಿತ್ತು, ಪೊಲೀಸರೂ ರಾಜಕೀಯ ಪಕ್ಷಗಳೂ ಹೊರಬಿದ್ದರು. ಪಕ್ಷಗಳಿಲ್ಲದೆ ತಮ್ಮ ರೂಢಿಯಂತೆ ಆಡಳಿತಗಾರರನ್ನು ಆರಿಸಿಕೊಳ್ಳುವ ಹಕ್ಕು ಅವರಿಗಿದೆಯೆಂದು ಒಕ್ಕೂಟದ ಚುನಾವಣಾ ನ್ಯಾಯಮಂಡಳಿ ಅದೇ ವರ್ಷದ ನವೆಂಬರ್ 2ರಂದು ತೀರ್ಪಿತ್ತಿತು. 2012ರ ಫೆಬ್ರವರಿ 5ರಂದು ಹಿರಿಯರ ಮಂಡಳಿ ಅಧಿಕಾರ ವಹಿಸಿಕೊಂಡಿತು. ಇಲ್ಲಿ ನಡೆದದ್ದು ಇಷ್ಟು: ಅಯುಂತಮಿಯೆಂತೊ ಹೋಯಿತು, ಮುನಿಸಿಪಿಯೊ ಉಳಿಯಿತು. ಎರಡಕ್ಕೂ ಪುರಸಭೆ ಎಂದರೆ ‘ಪುರಸಭೆ ಹೋಯಿತು, ಪುರಸಭೆ ಉಳಿಯಿತು’ ಎಂದು ಬರೆಯಬೇಕಾಗುತ್ತದೆ. ಮುನಿಸಿಪಿಯೊ ಉಳಿದದ್ದು ಬರಿಯ ನಕ್ಷೆಯ ಮೇಲಲ್ಲ. ತಮ್ಮನ್ನು ಕೇಳದೆ ರಾಜ್ಯವು ತನ್ನ ಸಂವಿಧಾನವನ್ನು ತಿದ್ದಿದ್ದನ್ನು ಪ್ರಶ್ನಿಸಿ ಚೆರಾನ್ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದದ್ದು, 2014ರಲ್ಲಿ ಗೆದ್ದದ್ದು, ಮುನಿಸಿಪಿಯೊಗಳಿಗೆ ಇರುವ ವ್ಯಾಜ್ಯದ ಹಕ್ಕನ್ನು ಬಳಸಿಯೇ. ಒಕ್ಕೂಟದ ಅನುದಾನವೂ ಮುನಿಸಿಪಿಯೊ ಎಂಬ ಲೆಕ್ಕದಲ್ಲೇ ಮಂಡಳಿಯ ಕೈಸೇರುತ್ತದೆ.

ಆದ್ದರಿಂದ ನನ್ನ ಸದ್ಯದ ಒಲವು ಹೀಗಿದೆ: ನೆಲಕ್ಕೆ ‘ಮುನಿಸಿಪಿಯೊ’ ಎಂಬುದನ್ನೇ ಉಳಿಸಿಕೊಂಡು, ಅಯುಂತಮಿಯೆಂತೊವನ್ನು ‘ಆಡಳಿತ ಸಭೆ’ ಎನ್ನುವುದು. ಹಳೆಯ ‘ಸೀಮೆ’ಯನ್ನೂ ತೂಗಿ ನೋಡಿದೆ. ‘ಚೆರಾನ್ ಸೀಮೆ’ ಕಿವಿಗೆ ಇಂಪಾಗಿದೆ, ಆದರೆ ಗಡಿ ಗುರುತಿಸಿ ಕಾನೂನು ಕಟ್ಟಿದ ಘಟಕವೊಂದರ ಬಿಗಿ ಅದರಲ್ಲಿಲ್ಲ.

ಇನ್ನು ಹುದ್ದೆಗಳು. ಉಳಿದ ಮುನಿಸಿಪಿಯೊಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಒಂದೇ ಪಟ್ಟಿಯಲ್ಲಿ ಆರಿಸಿಬರುವ ಅಧ್ಯಕ್ಷ, ‘ರೆಹಿದೊರ್’ ಮತ್ತು ‘ಸಿಂದಿಕೊ’ ಇರುತ್ತಾರೆ. ರೆಹಿದೊರ್ ಎಂದರೆ ಸದಸ್ಯ, ಅದು ಸರಳ. ಸಿಂದಿಕೊ ಮುನಿಸಿಪಿಯೊದ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವವನು, ಅದರ ಆಸ್ತಿಗೆ ಕಾವಲಿರುವವನು. ಅದನ್ನು ‘ಸಿಂಡಿಕೇಟ್ ಸದಸ್ಯ’ ಎಂದರೆ ನಮ್ಮವರಿಗೆ ವಿಶ್ವವಿದ್ಯಾಲಯದ ನೆನಪಾಗುವುದು ಖಂಡಿತ. ‘ಕಾನೂನು ಪ್ರತಿನಿಧಿ’ ಸಾಕೆನಿಸುತ್ತದೆ.

ಚೆರಾನಿನ ಹೊಸ ವ್ಯವಸ್ಥೆಯ ಪದಗಳೇ ನಿಜವಾದ ಕಗ್ಗಂಟು. ಹನ್ನೆರಡು ಹಿರಿಯರ ಆ ಮಂಡಳಿಗೆ ಸ್ಪ್ಯಾನಿಷಿನಲ್ಲಿ ‘ಕೊನ್ಸೆಹೊ ಮಯೊರ್’, ಪುರೆಪೆಚಾದಲ್ಲಿ ‘ಕೆರಿ ಹನಸ್ಕಕುವಾ’ ಎಂದು ಹೆಸರು. ಅದರ ಕೆಳಗೆ ಸಾಮೂಹಿಕ ಭೂಮಿ, ನ್ಯಾಯ, ಸ್ಥಳೀಯ ಆಡಳಿತ ಮುಂತಾದ ಕೆಲಸಗಳಿಗೆ ಒಂದೊಂದು ‘ಕೊನ್ಸೆಹೊ’ ಇದೆ. ಮೇಲಿನದಕ್ಕೂ ಕೆಳಗಿನದಕ್ಕೂ ಸ್ಪ್ಯಾನಿಷ್ ಕಾಗುಣಿತ ಬೇರೆ, ಅರ್ಥ ಬೇರೆ. ಮೊದಲನೆಯದು ಊರಾಳುವ ಸಭೆ, ಎರಡನೆಯದರ ಮೂಲಾರ್ಥ ಸಲಹೆ. ಮೆಕ್ಸಿಕೋದ ಉಚ್ಚಾರಣೆಯಲ್ಲಿ ಎರಡೂ ಒಂದೇ ಆಗಿರುವುದರಿಂದ ನಮ್ಮ ಲಿಪಿಯಲ್ಲಿ ಭೇದವೇ ಉಳಿಯುವುದಿಲ್ಲ. ‘ಹಿರಿಯರ ಮಂಡಳಿ’, ‘ಕಾರ್ಯ ಸಮಿತಿ’ ಎಂದು ಬೇರೆ ಮಾಡಿದ್ದೇನೆ.

ಪುರೆಪೆಚಾ ‘ಕೆರಿ’ಗೆ ದೊಡ್ಡದು, ಹಿರಿಯ ಎಂಬ ಅರ್ಥಗಳಿವೆ, ಮಂಡಳಿಯ ಸದಸ್ಯರನ್ನೂ ಕೆರಿ ಎಂದೇ ಕರೆಯುತ್ತಾರೆ. ಊರಿನಲ್ಲಿ ನಾಲ್ಕು ‘ಬಾರಿಯೊ’ಗಳಿದ್ದು, ಪ್ರತಿಯೊಂದರ ಜನ ಸಭೆ ಸೇರಿ, ತಮಗೆ ಬೇಕಾದವರ ಹಿಂದೆ ಸಾಲುಗಟ್ಟಿ ನಿಂತು, ಮೂವರನ್ನು ಆರಿಸುತ್ತಾರೆ, ಗುಪ್ತ ಮತದಾನವಿಲ್ಲ, ಪ್ರಚಾರವಿಲ್ಲ. ಬಾರಿಯೊಗೆ ಅತ್ಯಂತ ಸಹಜವಾದ ಕನ್ನಡ ಪದ ‘ಕೇರಿ’. ಆಗ ‘ಒಂದೊಂದು ಕೇರಿಯಿಂದ ಮೂವರು ಕೆರಿಗಳು’ ಎಂಬ ವಿಚಿತ್ರ ವಾಕ್ಯ ಹುಟ್ಟುತ್ತದೆ, ಇವೆರಡಕ್ಕೂ ನಂಟಿದೆಯೆಂದು ಯಾರಾದರೂ ಸಿದ್ಧಾಂತ ಕಟ್ಟಲೂಬಹುದು. ಇದು ಬರಿಯ ಆಕಸ್ಮಿಕ ಧ್ವನಿಸಾಮ್ಯ. ‘ಕೇರಿ’ಗೆ ನಮ್ಮಲ್ಲಿ ಅಂಟಿಕೊಂಡ ಜಾತಿಯ ನೆರಳೂ ಒಂದು ತಡೆ, ‘ಬಡಾವಣೆ’ ತೀರ ಹೊಸದು, ‘ವಾರ್ಡ್’ ಎಂದರೆ ಪಕ್ಷ ಮತ್ತು ಚುನಾವಣೆಗಳೇ ಕಣ್ಮುಂದೆ ಬರುತ್ತವೆ. ನಾನು ಕೇರಿಯನ್ನು ಉಳಿಸಿ, ಸದಸ್ಯರನ್ನು ‘ಹಿರಿಯರು’ ಎಂದಿದ್ದೇನೆ.

ಕೊನೆಯದು ‘ಫೊಗಾತಾ’. 2011ರ ಆ ದಿನಗಳಲ್ಲಿ ಕಾವಲಿಗೆಂದು ಬೀದಿಯ ಮೂಲೆಮೂಲೆಯಲ್ಲಿ ಹೊತ್ತಿಸಿದ ಬೆಂಕಿಗಳು 180ಕ್ಕೂ ಹೆಚ್ಚು. ಅಕ್ಕಪಕ್ಕದ ಮನೆಯವರು ರಾತ್ರಿಯೆಲ್ಲ ಅಲ್ಲೇ ಕೂತರು, ಅಡುಗೆ ಮಾಡಿದರು, ಊರಿನ ವಿಚಾರ ಮಾತಾಡಿದರು. ಕ್ರಮೇಣ ಅದೇ ಆಡಳಿತದ ಅತಿ ಚಿಕ್ಕ ಘಟಕವಾಯಿತು. ಈಗ ಯಾವುದೇ ಪ್ರಸ್ತಾಪ ಫೊಗಾತಾದಲ್ಲಿ ಚರ್ಚೆಯಾಗಿ, ಕೇರಿಯ ಸಭೆಗೆ ಏರಿ, ಅಲ್ಲಿಂದ ಮಂಡಳಿಗೆ ಹೋಗುತ್ತದೆ. ಹಾಗಾಗಿ ಬೆಂಕಿ, ಕೂಟ, ಘಟಕ ಈ ಮೂರೂ ಅರ್ಥಗಳನ್ನು ಹೊರುವ ಪದ ಬೇಕು. ‘ಅಗ್ಗಿಷ್ಟಿಕೆ’ಯಲ್ಲಿ ಬೆಂಕಿ ಇದೆ, ಕೂಟವಿಲ್ಲ, ‘ಒಲೆ’ ಒಂದು ಮನೆಯದು, ಇಲ್ಲಿ ಹಲವು ಮನೆಗಳು. ‘ಬೆಂಕಿಕೂಟ’ ಎಂದು ಹೊಸದಾಗಿ ಕಟ್ಟಿದ್ದೇನೆ. ಮಾಗಿಯ ಚಳಿಯಲ್ಲಿ ಬೆಂಕಿ ಕಾಯಿಸುತ್ತಾ ಜಗಲಿಯ ಮುಂದೆ ಸೇರುವ ಕೂಟಕ್ಕೆ ಮಲೆನಾಡಿನಲ್ಲೋ ಉತ್ತರ ಕರ್ನಾಟಕದಲ್ಲೋ ಬಳಕೆಯ ಹೆಸರೇನಾದರೂ ಇದ್ದರೆ ಅದನ್ನೇ ಇಡುವ ಆಸೆ. ಬಲ್ಲವರು, ಯಾವ ತಾಲ್ಲೂಕಿನ ಮಾತೆಂಬುದನ್ನೂ ಸೇರಿಸಿ ತಿಳಿಸಬೇಕಾಗಿ ವಿನಂತಿ.