ನೋಟ್ಸ್ ಚೆಂದ ಇದೆ, ಮಾರ್ಕ್ಸ್ ಏರುತ್ತಿಲ್ಲ: ಮೆಡಿಕಲ್ ಎಂಟ್ರೆನ್ಸ್ ಓದಿನ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾರ್ಥಿನಿ): ನಮಸ್ತೆ ಮೇಡಂ. ಮೆಡಿಕಲ್ ಎಂಟ್ರೆನ್ಸ್‌ಗೆ ಓದುತ್ತಿದ್ದೇನೆ. ಬಯಾಲಜಿಯ ಪ್ರತಿ ಪಾಠಕ್ಕೂ ಬಣ್ಣ ಬಣ್ಣದ ಪೆನ್ನಿನಲ್ಲಿ ನೋಟ್ಸ್ ಮಾಡಿದ್ದೇನೆ. ಬರೆಯುವಾಗ ಎಲ್ಲಾ ಅರ್ಥ ಆದ ಹಾಗೆ ಇರುತ್ತದೆ. ಆದರೆ ಮಾಕ್ ಟೆಸ್ಟ್‌ನಲ್ಲಿ ಅದೇ ಪಾಠದ ಪ್ರಶ್ನೆ ಬಂದರೆ ಎರಡು ಆಪ್ಷನ್ ನಡುವೆ ಸಿಕ್ಕಿಕೊಳ್ಳುತ್ತೇನೆ. ನೋಟ್ಸ್ ಬಿಟ್ಟು ಬರೀ ಪ್ರಶ್ನೆ ಬಿಡಿಸಲಾ? ನಾನು ಚಿಕ್ಕವಳು, ನೀನು ಅಂತಲೇ ಮಾತಾಡಿಸಿ.

ಉತ್ತರ (ಬಯಾಲಜಿ ಉಪನ್ಯಾಸಕಿ): ಬಿಡಬೇಡಮ್ಮ, ಮಾಡುವ ರೀತಿ ಬದಲಿಸು. ಈಗ ನೀನು ಪುಸ್ತಕ ನೋಡಿಕೊಂಡು ಇನ್ನೊಂದು ಪುಸ್ತಕ ಬರೆಯುತ್ತಿದ್ದೀಯ. ಪುಸ್ತಕ ಎದುರಿಗೆ ತೆರೆದಿದ್ದರೆ ಕೈ ತಾನಾಗಿ ಓಡುತ್ತದೆ, ತಲೆಗೆ ಕೆಲಸವೇ ಇರುವುದಿಲ್ಲ. ಎಲ್ಲಾ ಪರಿಚಯದ್ದು ಅನ್ನಿಸುತ್ತದೆ. ಅದನ್ನೇ ಗೊತ್ತಿದೆ ಅಂದುಕೊಂಡುಬಿಡುತ್ತೇವೆ. ಎರಡು ಆಪ್ಷನ್ ನಡುವೆ ಸಿಕ್ಕಿಕೊಳ್ಳುವುದೂ ಇದರಿಂದಲೇ. ಎರಡೂ ಎಲ್ಲೋ ನೋಡಿದ ಹಾಗೆ ಇರುತ್ತವೆ, ಅಲ್ವಾ?

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಸಣ್ಣ ಪಾಠ ಓದಲು ಕೊಟ್ಟರು. ಒಂದು ಪಾಠವನ್ನು ಅವರು ಮತ್ತೊಮ್ಮೆ ಓದಿದರು. ಇನ್ನೊಂದನ್ನು ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ ಪಾಠವೇ ಹೆಚ್ಚು ನೆನಪಿತ್ತು. ಒಂದು ವಾರ ಬಿಟ್ಟು ನೋಡಿದಾಗ ಲೆಕ್ಕ ತಲೆಕೆಳಗಾಗಿತ್ತು. ಮತ್ತೆ ಓದಿದ ಪಾಠ ಸುಮಾರು ಶೇ 42ರಷ್ಟು ನೆನಪಿತ್ತು, ಮುಚ್ಚಿಟ್ಟು ಬರೆದದ್ದು ಶೇ 56ರಷ್ಟು. ನಿನ್ನ ಪರೀಕ್ಷೆ ಐದು ನಿಮಿಷದ ನಂತರ ಇಲ್ಲ, ತಿಂಗಳುಗಳ ನಂತರ ಇದೆ.

ಹಾಗಾಗಿ ಹೀಗೆ ಮಾಡು. ಎರಡು ಮೂರು ಪುಟ ಪೆನ್ನು ಮುಟ್ಟದೆ ಓದು. ಪುಸ್ತಕ ಮುಚ್ಚು. ಒಂದು ಖಾಲಿ ಹಾಳೆಯಲ್ಲಿ ನೆನಪಾದದ್ದನ್ನು ಬರೆ, ಅಂದ ಚೆಂದ ಏನೂ ಬೇಡ. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋಗಿದ್ದನ್ನೂ ತಪ್ಪಿದ್ದನ್ನೂ ಕೆಂಪು ಪೆನ್ನಿನಲ್ಲಿ ತುಂಬಿಸು. ನೋಟ್ಸ್ ಪುಸ್ತಕಕ್ಕೆ ಹೋಗಬೇಕಾದದ್ದು ಆ ಕೆಂಪು ಭಾಗ ಮಾತ್ರ. ಉಳಿದದ್ದು ನಿನಗೆ ಆಗಲೇ ಬರುತ್ತದೆ, ಅದನ್ನು ಮತ್ತೆ ಬರೆಯುವುದು ಸುಮ್ನೆ ಹೊತ್ತು ಹಾಳು.

ಆ ನೋಟ್ಸ್ ಪುಸ್ತಕದ ಪುಟಕ್ಕೆ ಉದ್ದಕ್ಕೆ ಒಂದು ಗೆರೆ ಎಳೆ. ಎಡಗಡೆ ಕಿರಿದಾಗಿ ಪ್ರಶ್ನೆ, ಬಲಗಡೆ ಅಗಲವಾಗಿ ಉತ್ತರ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅವರು ಹೇಳಿಕೊಟ್ಟ ವಿಧಾನದ ತಿರುಳೇ ಇದು. ಮೂತ್ರಪಿಂಡದ ಪಾಠವನ್ನೇ ತಗೋ. ಅಲ್ಲಿ ರಕ್ತ ಸೋಸಿ ಮೂತ್ರ ಮಾಡುವ ಸೂಕ್ಷ್ಮ ನಾಳವೇ ನೆಫ್ರಾನ್, ಅದರ ಕೊಂಡಿಯಂಥ ಭಾಗ ಲೂಪ್ ಆಫ್ ಹೆನ್ಲೆ, ನೀರು ಉಳಿಸಿಕೊಳ್ಳುವಂತೆ ಮಾಡುವ ಹಾರ್ಮೋನ್ ಎಡಿಎಚ್. ಎಡಗಡೆ "ನೆಫ್ರಾನ್" ಅಂತ ತಲೆಬರಹ ಹಾಕಿ ಸುಮ್ಮನಾಗಬೇಡ. ಪ್ರಶ್ನೆ ಬರೆ: "ಲೂಪ್ ಆಫ್ ಹೆನ್ಲೆಯ ಇಳಿಯುವ ಭಾಗದಿಂದ ಏನು ಹೊರಹೋಗುತ್ತದೆ? ಏರುವ ಭಾಗದಿಂದ ಏನು?" ಅದರ ಕೆಳಗೆ, "ಎಡಿಎಚ್ ಕಡಿಮೆಯಾದರೆ ಮೂತ್ರ ಹೇಗಿರುತ್ತದೆ, ಯಾಕೆ?"

ಬಲಗಡೆ ಉತ್ತರ ಚಿಕ್ಕದಾಗಿ ಸಾಕು. ಇಳಿಯುವ ಭಾಗದಿಂದ ನೀರು ಹೊರಹೋಗುತ್ತದೆ, ಲವಣ ಹೆಚ್ಚುಕಮ್ಮಿ ಹೋಗುವುದೇ ಇಲ್ಲ. ಹಾಗಾಗಿ ಒಳಗಿನ ದ್ರವ ಕೆಳಗೆ ಹೋಗುತ್ತಾ ಗಾಢವಾಗುತ್ತದೆ. ಏರುವ ಭಾಗ ನೀರನ್ನು ಬಿಡುವುದಿಲ್ಲ, ಲವಣವನ್ನು ಹೊರಹಾಕುತ್ತದೆ. ಹಾಗಾಗಿ ಮೇಲೆ ಬರುತ್ತಾ ತೆಳುವಾಗುತ್ತದೆ. ಎಡಿಎಚ್ ಕಡಿಮೆಯಾದರೆ ಸಂಗ್ರಾಹಕ ನಾಳದಲ್ಲಿ ನೀರು ವಾಪಸ್ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ತೆಳುವಾದ ಮೂತ್ರ ಜಾಸ್ತಿ ಹೋಗುತ್ತದೆ. ಪಕ್ಕದಲ್ಲಿ ಬಾಣದ ಗುರುತಿನ ಚಿತ್ರ ಬರೆ. ಇಳಿಯುವ ಭಾಗ, ಏರುವ ಭಾಗವನ್ನು ಅದಲು ಬದಲು ಮಾಡಿ ಕೇಳುವ ಪ್ರಶ್ನೆಯಲ್ಲೇ ಮಕ್ಕಳು ಎಡವುವುದು. "ಹಾಗಾಗಿ" ಅನ್ನುವ ಕೊಂಡಿ ತಲೆಯಲ್ಲಿದ್ದರೆ ಅದಲು ಬದಲಾದರೂ ಹಿಡಿಯಬಹುದು.

ಅದೇ ವಿದ್ಯಾರ್ಥಿನಿ: ಥ್ಯಾಂಕ್ಸ್ ಮೇಡಂ. ಹಾಗಾದರೆ ಈಗಾಗಲೇ ಬರೆದಿಟ್ಟಿರುವ ನೋಟ್ಸ್ ಎಲ್ಲಾ ದಂಡವಾ? ಮತ್ತೆ, ರಿವಿಷನ್ ಎಷ್ಟು ದಿನಕ್ಕೊಮ್ಮೆ ಮಾಡಲಿ?

ಉತ್ತರ: ದಂಡ ಏನಿಲ್ಲ. ಹೊಸದಾಗಿ ಬರೆಯುವುದೂ ಬೇಡ. ಪ್ರತಿ ಪುಟದ ಅಂಚಿನಲ್ಲಿ ಮೂರ್ನಾಲ್ಕು ಪ್ರಶ್ನೆ ಸೇರಿಸು. ಇನ್ನು ಮೇಲೆ ನೋಟ್ಸ್ ತೆಗೆದಾಗಲೆಲ್ಲಾ ಉತ್ತರದ ಭಾಗ ಮುಚ್ಚಿಟ್ಟು ಆ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳು.

ರಿವಿಷನ್ ವಿಚಾರ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಮೊದಲ ರಿವಿಷನ್ ಮರುದಿನವೇ ಆಗಲಿ. ಆಮೇಲೆ ಮೂರು ದಿನ, ಒಂದು ವಾರ, ಮೂರು ವಾರ, ಹೀಗೆ ಅಂತರ ದೊಡ್ಡದು ಮಾಡುತ್ತಾ ಹೋಗು. ಈ ಸಂಖ್ಯೆಗಳು ಶಾಸನವೇನಲ್ಲ. ತಡವರಿಸಿದ್ದು ಬೇಗ ವಾಪಸ್ ಬರಲಿ, ಸಲೀಸಾಗಿ ಬಂದದ್ದು ದೂರ ಹೋಗಲಿ. ಒಮ್ಮೆಯೂ ತಡವರಿಸದೆ ಎಲ್ಲಾ ಬರುತ್ತಿದ್ದರೆ ನೀನು ತುಂಬಾ ಬೇಗ ನೋಡುತ್ತಿದ್ದೀಯ ಎಂದರ್ಥ.

ಪ್ರಶ್ನೆ (ಇನ್ನೊಬ್ಬ ವಿದ್ಯಾರ್ಥಿ): ಮೇಡಂ, ಇದು ಬಯಾಲಜಿಗೆ ಸರಿ. ಫಿಸಿಕ್ಸ್‌ಗೆ ನೋಟ್ಸ್ ಅಂದರೆ ಏನು ಬರೆಯೋದು? ಫಾರ್ಮುಲಾ ಎಲ್ಲಾ ಬರುತ್ತೆ, ಲೆಕ್ಕ ಬರಲ್ಲ.

ಉತ್ತರ: ಪಾಠಕ್ಕೊಂದು ಹಾಳೆಯಲ್ಲಿ ಫಾರ್ಮುಲಾ ಸಾಕು. ಆದರೆ ಪ್ರತಿ ಫಾರ್ಮುಲಾ ಪಕ್ಕದಲ್ಲಿ ಅದು ಯಾವಾಗ ನಡೆಯುತ್ತದೆ ಎಂದು ಬರೆಯಿರಿ. ಚಲನೆಯ ಸಮೀಕರಣಗಳು ವೇಗೋತ್ಕರ್ಷ ಬದಲಾಗದೆ ಇದ್ದಾಗ ಮಾತ್ರ. ಈ ಷರತ್ತು ಗೊತ್ತಿಲ್ಲದೆಯೇ ಜಾಸ್ತಿ ಜನ ಲೆಕ್ಕದಲ್ಲಿ ಮುಗ್ಗರಿಸುತ್ತಾರೆ.

ಫಿಸಿಕ್ಸ್‌ಗೆ ನಿಜವಾದ ನೋಟ್ಸ್ ಅಂದರೆ ತಪ್ಪುಗಳ ಪುಸ್ತಕ. ನಾನು ಯಾವ ವಿಷಯಕ್ಕಾದರೂ ಇದನ್ನೇ ಮೊದಲು ಮಾಡಿಸುತ್ತೇನೆ. ತಪ್ಪಾದ ಲೆಕ್ಕದ ಪೂರ್ತಿ ಪರಿಹಾರ ಅದರಲ್ಲಿ ಇಳಿಸಬೇಡಿ. ಎಲ್ಲಿ ನಿಂತುಹೋಯಿತು, ಯಾಕೆ ನಿಂತಿತು ಅಷ್ಟೇ ಬರೆಯಿರಿ. ಉದಾಹರಣೆಗೆ, ಫೋಕಲ್ ಲೆಂಗ್ತ್ 25 ಸೆಂಟಿಮೀಟರ್ ಇರುವ ಪೀನ ಮಸೂರದ ಪವರ್ ಕೇಳಿದ್ದಾರೆ. ನೀವು 1/25 ಮಾಡಿ 0.04 ಅಂದಿರಿ. 25 ಸೆಂಟಿಮೀಟರ್ ಅಂದರೆ 0.25 ಮೀಟರ್, 1/0.25 ಮಾಡಿದರೆ ಉತ್ತರ 4 ಡಯಾಪ್ಟರ್. ಪುಸ್ತಕದಲ್ಲಿ ಬರೆಯಬೇಕಾದದ್ದು ಒಂದೇ ಸಾಲು: "ಪವರ್ ಕಂಡುಹಿಡಿಯುವ ಮೊದಲು ಮೀಟರ್‌ಗೆ ಬದಲಿಸು." ಪಕ್ಕದಲ್ಲಿ ತಪ್ಪಿನ ಜಾತಿ: ಗೊತ್ತೇ ಇರಲಿಲ್ಲ, ಗೊತ್ತಿತ್ತು ಆದರೆ ಗೊಂದಲ ಆಯಿತು, ಪ್ರಶ್ನೆ ತಪ್ಪಾಗಿ ಓದಿದೆ, ಲೆಕ್ಕದಲ್ಲಿ ಜಾರಿದೆ.

ವಾರದ ಕೊನೆಗೆ ಯಾವ ಜಾತಿ ಜಾಸ್ತಿ ಇದೆ ಎಂದು ಎಣಿಸಿ. "ಸರಿಯಲ್ಲದ ಹೇಳಿಕೆ ಯಾವುದು" ಎಂಬಲ್ಲಿ "ಅಲ್ಲದ" ಬಿಟ್ಟು ಓದುವವರಿಗೆ ಇನ್ನೊಂದು ಪಾಠ ಓದಿದರೆ ಏನೂ ಪ್ರಯೋಜನವಿಲ್ಲ. ಅಂಥ ಪದಕ್ಕೆ ಗೆರೆ ಎಳೆಯುವ ಅಭ್ಯಾಸ ಬೇಕು. ಮೂರು ದಿನ ಬಿಟ್ಟು ಅದೇ ಲೆಕ್ಕವನ್ನು ಏನೂ ನೋಡದೆ ಮತ್ತೆ ಮಾಡಿ. ಬಂದರೆ ಟಿಕ್ ಹಾಕಿ.

ಇನ್ನೊಂದು ಮಾತು. ಒಂದೇ ಪಾಠದ 30 ಲೆಕ್ಕ ಒಟ್ಟಿಗೆ ಮಾಡಿದರೆ ಯಾವ ಫಾರ್ಮುಲಾ ಅಂತ ಯೋಚಿಸಬೇಕಾಗಿಯೇ ಇಲ್ಲ. ಪರೀಕ್ಷೆಯಲ್ಲಿ ಆ ಆಯ್ಕೆಯೇ ಅರ್ಧ ಕೆಲಸ. ಪಾಠ ಒಂದು ಹಂತಕ್ಕೆ ಬಂದ ಮೇಲೆ ಹಳೆಯ ಪಾಠಗಳ ಲೆಕ್ಕ ಬೆರೆಸಿ ಮಾಡಿ. ಕೆಮಿಸ್ಟ್ರಿಯಲ್ಲಿ ಲೆಕ್ಕದ ಭಾಗಕ್ಕೂ ಇದೇ ದಾರಿ. ಆರ್ಗ್ಯಾನಿಕ್‌ಗೆ ಮಾತ್ರ ದೊಡ್ಡ ಹಾಳೆಯಲ್ಲಿ ಯಾವುದರಿಂದ ಯಾವುದು ಬರುತ್ತದೆ ಎಂಬ ನಕ್ಷೆಯನ್ನು ನೋಡದೆ ಬರೆದು ಅಭ್ಯಾಸ ಮಾಡಿ.

ಪ್ರಶ್ನೆ (ಒಬ್ಬ ತಂದೆ): ನಮಸ್ಕಾರ ಮೇಡಂ. ನನ್ನ ಮಗ ರಾತ್ರಿ ಒಂದು ಗಂಟೆವರೆಗೂ ಓದುತ್ತಾನೆ. ಬೆಳಗ್ಗೆ ಕೇಳಿದರೆ ನೆನಪಿಲ್ಲ ಅನ್ನುತ್ತಾನೆ. ಇನ್ನೂ ಹೆಚ್ಚು ಹೊತ್ತು ಓದಿಸಬೇಕಾ? ನಮಗೆ ವಿಷಯ ಗೊತ್ತಿಲ್ಲ, ಹೇಗೆ ಸಹಾಯ ಮಾಡಲಿ?

ಉತ್ತರ: ನಮಸ್ಕಾರ ಸರ್. ದಯವಿಟ್ಟು ಇನ್ನೂ ಹೊತ್ತು ಹೆಚ್ಚಿಸಬೇಡಿ, ಮೊದಲು ನಿದ್ದೆ ಹೆಚ್ಚಿಸಿ. ಓದಿದ್ದು ಗಟ್ಟಿಯಾಗಿ ನೆನಪಿನಲ್ಲಿ ಕೂರುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ಆ ಹೊತ್ತನ್ನೇ ಕತ್ತರಿಸಿದರೆ ಓದಿದ್ದಕ್ಕೂ ನಷ್ಟ, ಮರುದಿನದ ಗಮನಕ್ಕೂ ನಷ್ಟ. ಬೇಗ ಮಲಗಿ ಎದ್ದು ಓದಲಿ.

ಸಹಾಯ ಮಾಡಲು ವಿಷಯ ಗೊತ್ತಿರಲೇಬೇಕು ಅಂತಿಲ್ಲ. ಮಗನ ನೋಟ್ಸ್ ನಿಮ್ಮ ಕೈಯಲ್ಲಿ ಇಟ್ಟುಕೊಂಡು ಎಡಗಡೆಯ ಪ್ರಶ್ನೆ ಕೇಳಿ. ಅವನು ಹೇಳಿದ್ದು ಬಲಗಡೆ ಬರೆದಿರುವುದಕ್ಕೆ ಹೊಂದುತ್ತದಾ ನೋಡಿ. ಹೊಂದದಿದ್ದರೆ ಬೈಯಬೇಡಿ, ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿಕೊಡಿ. ದಿನಕ್ಕೆ ಕಾಲು ಗಂಟೆ ಸಾಕು. ಅಪ್ಪ ಪಕ್ಕದಲ್ಲಿ ಕೂತು ಕೇಳುತ್ತಾರೆ ಅನ್ನುವುದೇ ಮಕ್ಕಳಿಗೆ ಎಷ್ಟೋ ಧೈರ್ಯ ಕೊಡುತ್ತದೆ ಸರ್.

ಪ್ರಶ್ನೆ (ಎರಡನೇ ಸಲ ಬರೆಯುತ್ತಿರುವ ವಿದ್ಯಾರ್ಥಿನಿ): ಮೇಡಂ, ಮಾಕ್ ಟೆಸ್ಟ್ ಬರೆದ ಮೇಲೆ ಏನು ಮಾಡಬೇಕು? ಮತ್ತೆ ನೆಗೆಟಿವ್ ಮಾರ್ಕ್ ಇದ್ದರೆ ಗೊತ್ತಿಲ್ಲದ್ದನ್ನು ಊಹಿಸಬಹುದಾ?

ಉತ್ತರ: ಟೆಸ್ಟ್ ಬರೆಯಲು ಎಷ್ಟು ಹೊತ್ತೋ, ಅದನ್ನು ತಿರುಗಿ ನೋಡಲೂ ಕಡಿಮೆಯೆಂದರೆ ಅಷ್ಟು ಹೊತ್ತು ಕೊಡಿ. ಬರೀ ಅಂಕ ನೋಡಿ ಮುಚ್ಚಿಟ್ಟರೆ ಆ ಟೆಸ್ಟ್‌ನಿಂದ ಕಲಿತದ್ದು ಏನೂ ಇಲ್ಲ. ಬರೆಯುವಾಗಲೇ ಖಾತ್ರಿ ಇಲ್ಲದ ಪ್ರಶ್ನೆಗೆ ಒಂದು ಚುಕ್ಕಿ ಇಡಿ. ಆಮೇಲೆ ತಪ್ಪಾದವನ್ನು ಮಾತ್ರವಲ್ಲ, ಚುಕ್ಕಿ ಇದ್ದು ಸರಿಯಾದವನ್ನೂ ನೋಡಿ. ಅದೃಷ್ಟದಿಂದ ಬಂದ ಅಂಕ ಮುಂದಿನ ಸಲ ಬರುತ್ತದೆ ಎಂದು ನಂಬುವಂತಿಲ್ಲ.

ಊಹೆಯ ವಿಚಾರಕ್ಕೆ ನಿಮ್ಮ ಪರೀಕ್ಷೆಯ ನಿಯಮ ಮೊದಲು ಓದಿ. ನಾಲ್ಕು ಆಪ್ಷನ್, ಸರಿಗೆ 4, ತಪ್ಪಿಗೆ ಮೈನಸ್ 1 ಅಂದುಕೊಳ್ಳಿ. ಎರಡು ಆಪ್ಷನ್ ಖಚಿತವಾಗಿ ತಪ್ಪು ಎಂದು ಬಿಟ್ಟು, ಉಳಿದ ಎರಡರಲ್ಲಿ ಊಹಿಸಿದರೆ ಸರಾಸರಿ ಎರಡು ಪ್ರಶ್ನೆಗೆ 3 ಅಂಕ ಉಳಿಯುತ್ತದೆ. ಏನೂ ಗೊತ್ತಿಲ್ಲದೆ ಊಹಿಸಿದರೆ ನಾಲ್ಕು ಪ್ರಶ್ನೆಗೆ ಸರಾಸರಿ 1 ಅಂಕ, ಅದೂ ಏರುಪೇರಾಗುತ್ತದೆ. ಆದರೆ ಬಿಟ್ಟ ಆಪ್ಷನ್ನೇ ಸರಿ ಉತ್ತರ ಆಗಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಅದಕ್ಕೇ ಚುಕ್ಕಿ ಇಟ್ಟವುಗಳಲ್ಲಿ ಎಷ್ಟು ಸರಿ ಬರುತ್ತಿವೆ ಎಂದು ಕೆಲವು ಟೆಸ್ಟ್‌ಗಳಲ್ಲಿ ಎಣಿಸಿ. ಈ ನಿಯಮದಲ್ಲಿ ಐದಕ್ಕೆ ಒಂದು ಸರಿಯಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಕಡಿಮೆ ಬರುತ್ತಿರುವ ವಿಷಯದಲ್ಲಿ ಊಹೆ ನಿಲ್ಲಿಸಿ, ಆ ಪಾಠದ ಪ್ರಶ್ನೆಗಳನ್ನು ತಪ್ಪುಗಳ ಪುಸ್ತಕಕ್ಕೆ ಸೇರಿಸಿ.